ರಸೀದಿ ಇಲ್ಲದ ಮೊತ್ತ

2007ರ ರಾಜ್ಯೋತ್ಸವದ ಸಂಜೆ. ಪಶ್ಚಿಮ ಲಂಡನ್ನಿನ ಒಂದು ಸಮುದಾಯ ಭವನದಲ್ಲಿ ನಮ್ಮ ಸಂಘದ ಕಾರ್ಯಕ್ರಮ ನಡೆದಿತ್ತು. ಖಜಾಂಚಿಯಾಗಿದ್ದ ನಾನು ಟಿಕೆಟ್ ಹಣದ ಡಬ್ಬಿ ಹಿಡಿದುಕೊಂಡು ಕೊನೆಯ ಸಾಲಿನ ಹಿಂದೆ, ಸೌಂಡ್ ಮೇಜಿನ ಪಕ್ಕದಲ್ಲಿ ಕೂತಿದ್ದೆ. ಮಗನ ಮನೆಗೆಂದು ಹುಬ್ಬಳ್ಳಿ ಕಡೆಯಿಂದ ಬಂದು ಇಲ್ಲೇ ಉಳಿದುಕೊಂಡಿದ್ದ ಹಿರಿಯರೊಬ್ಬರು ಅಂದು ರಂಗಗೀತೆ ಹಾಡಿದರು. ಯೌವನದಲ್ಲಿ ನಾಟಕ ಕಂಪನಿಯಲ್ಲಿದ್ದವರು. ಮೈಕಿನ ಹಂಗಿಲ್ಲದೆ ಡೇರೆಯ ಕೊನೆಯ ಸಾಲಿಗೆ ದನಿ ಮುಟ್ಟಿಸಿದವರು. ಎಂಬತ್ತು ದಾಟಿದ್ದರೂ ಆ ದನಿ ಸೊರಗಿರಲಿಲ್ಲ. ಮೊದಲ ಆಲಾಪಕ್ಕೇ ಸಭೆ ತಿರುಗಿ ನೋಡಿತು. ಸೌಂಡ್ ನೋಡಿಕೊಳ್ಳುತ್ತಿದ್ದ ನಮ್ಮ ಸ್ವಯಂಸೇವಕ ಗಾಬರಿಯಾಗಿ ಅವರ ಮೈಕಿನ ಫೇಡರನ್ನು ಹೆಚ್ಚುಕಡಿಮೆ ತಳಕ್ಕೇ ಇಳಿಸಿದ. ಅವನು ಮಾಡಿದ್ದು ಸರಿಯಾಗಿಯೇ ಇತ್ತು. ಅಷ್ಟು ಚಿಕ್ಕ ಹಾಲ್‌ನಲ್ಲಿ ಆ ಕಂಠಕ್ಕೆ ಸ್ಪೀಕರಿನ ಸಹಾಯ ಬೇಕಿರಲಿಲ್ಲ. ಸಹಾಯ ಬೇಕಿದ್ದದ್ದು ಕೀಬೋರ್ಡಿಗೆ. ಅದಕ್ಕೆ ತನ್ನದೇ ದನಿ ಇಲ್ಲ, ಸ್ಪೀಕರಿನಿಂದಲೇ ಕೇಳಬೇಕು.

ಅವರು ಮರುವರ್ಷದ ವಸಂತದಲ್ಲಿ ತೀರಿಕೊಂಡರು. ಅವರ ಮಗಳು ಊರಿನಿಂದ ಫೋನ್ ಮಾಡಿ, ಅಪ್ಪ ಅಂದು ಹಾಡಿದ್ದರ ರೆಕಾರ್ಡಿಂಗ್ ಕಳಿಸಿ ಎಂದು ಕೇಳಿದರು. ಫೋನಿನಲ್ಲಿ ಎಲ್ಲರೂ ವಿಡಿಯೊ ಹಿಡಿಯುವ ಕಾಲ ಆಗಿನ್ನೂ ಬಂದಿರಲಿಲ್ಲ. ನಮ್ಮಲ್ಲಿ ಇದ್ದದ್ದು ಒಂದು ಕ್ಯಾಮ್‌ಕಾರ್ಡರ್. ಒಳ್ಳೆಯ ಧ್ವನಿ ಬರಲಿ ಎಂಬ ಆಸೆಯಿಂದ ಅದಕ್ಕೂ ಮಿಕ್ಸರಿನಿಂದಲೇ ತಂತಿ ಎಳೆದಿದ್ದೆವು. ಹಾಕಿ ಕೇಳಿದರೆ ಕೀಬೋರ್ಡು ಮುಂದೆ ನಿಂತು ನುಡಿಯುತ್ತಿದೆ, ಹಾಡುಗಾರ ಪಕ್ಕದ ಕೋಣೆಯಲ್ಲಿ ಹಾಡುತ್ತಿರುವಂತಿದೆ. ಕಳಿಸಿದೆವು. ಎರಡು ದಿನ ಬಿಟ್ಟು ಆಕೆ ಕೇಳಿದರು: "ಆ ವಾದ್ಯ ಒಂದಿಷ್ಟು ಕಮ್ಮಿ ಮಾಡಿ ಅಪ್ಪನ ದನಿ ಹೆಚ್ಚಿಸಲಿಕ್ಕೆ ಆಗೂದಿಲ್ಲೇನ್ರೀ?"

ಆಗುವುದಿಲ್ಲ ಎಂದು ಹೇಳಬೇಕಾದವನು ನಾನೇ ಆಗಿದ್ದೆ. ಯಾಕೆ ಆಗುವುದಿಲ್ಲ ಎಂಬುದು ಲೆಕ್ಕಪತ್ರದ ಮನುಷ್ಯನಾದ ನನಗೆ ತಕ್ಷಣ ಹೊಳೆಯಿತು. ಐನೂರು, ಮುನ್ನೂರು, ಇನ್ನೂರು ಎಂಬ ಮೂರು ರಸೀದಿ ಇದ್ದರೆ ಸಾವಿರ ಎಂಬ ಮೊತ್ತವನ್ನು ಯಾರಾದರೂ ಬರೆಯಬಹುದು. ಸಾವಿರ ಎಂಬ ಮೊತ್ತವೊಂದೇ ಕೈಯಲ್ಲಿದ್ದರೆ ಆ ಮೂರು ರಸೀದಿಗಳನ್ನು ಯಾವ ಆಡಿಟರೂ ಮರಳಿ ಹುಟ್ಟಿಸಲಾರ. ನಾವು ಉಳಿಸಿಕೊಂಡದ್ದು ಮೊತ್ತವನ್ನು ಮಾತ್ರ. ಅದೂ ಆ ಹಾಲ್‌ಗೆಂದು, ಆ ಹೊತ್ತಿಗೆಂದು ಕೂಡಿದ ಮೊತ್ತ.

ಆ ವರ್ಷ ಸಂಘದ ಹಳೆಯ ಮಿಕ್ಸರ್ ಕೈಕೊಟ್ಟಿತು. ಹೊಸದನ್ನು ಕೊಳ್ಳುವ ಕೆಲಸ ಖಜಾಂಚಿಯ ಹೆಗಲಿಗೆ ಬಿತ್ತು. ಕಾರ್ಯಕ್ರಮಕ್ಕೂ ಆಗಬೇಕು, ಪ್ರತಿ ದನಿಯನ್ನೂ ಬೇರೆ ಬೇರೆಯಾಗಿ ಮುದ್ರಿಸಿಡಲಿಕ್ಕೂ ಆಗಬೇಕು ಎಂಬುದು ನಾನೇ ಹಾಕಿಕೊಂಡ ಶರತ್ತು. ಅಂಗಡಿಯ ಪಟ್ಟಿಗಳನ್ನು ಓದಿ ತಲೆ ಕೆಟ್ಟಿತು. ಈ ಪೆಟ್ಟಿಗೆಗಳು ಹೀಗೇಕಿವೆ ಎಂದು ಅವುಗಳ ಚರಿತ್ರೆ ಓದತೊಡಗಿದ ಮೇಲೆಯೇ ಯಾವ ಗುಂಡಿ ಯಾಕೆಂದು ತಿಳಿಯಿತು.

ಚರಿತ್ರೆ ನನ್ನ ಮನೆಗೆ ಹತ್ತಿರದಲ್ಲೇ ಇತ್ತು. ಸೌಥಾಲ್‌ನ ಪಕ್ಕದ ಹೇಯ್ಸ್ ಊರಿನಲ್ಲಿ ಗ್ರಾಮಫೋನ್ ಕಂಪನಿ 1907ರಲ್ಲಿ ಕಾರ್ಖಾನೆ ಕಟ್ಟಲು ಆರಂಭಿಸಿತು. ಅದಕ್ಕೂ ಮೊದಲು, 1902ರಲ್ಲಿ, ಇದೇ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಗೆ ಹೋಗಿ ಗೌಹರ್ ಜಾನ್ ಅವರ ಹಾಡು ಮುದ್ರಿಸಿಕೊಂಡು ಬಂದಿದ್ದರು. ಆಗ ಮೈಕ್ ಇಲ್ಲ, ವಿದ್ಯುತ್ ಇಲ್ಲ. ಒಂದು ದೊಡ್ಡ ಕೊಂಬು, ಅದರ ತುದಿಯಲ್ಲಿ ಮೇಣದ ಮೇಲೆ ಗೀರುವ ಮುಳ್ಳು. ಇಂಥ ಯಂತ್ರದ ಮುಂದೆ ದನಿಗಳನ್ನು ಬೆರೆಸುವ ಉಪಾಯ ಒಂದೇ: ಜೋರು ವಾದ್ಯದವರನ್ನು ದೂರ ನಿಲ್ಲಿಸು, ಮೆಲುದನಿಯವರನ್ನು ಕೊಂಬಿನ ಬಾಯಿಗೆ ತಳ್ಳು. ಅಂದಿನ ಫೇಡರ್ ಎಂದರೆ ನೆಲದ ಮೇಲಿನ ಹೆಜ್ಜೆಗಳು. ಮೇಣದ ಮೇಲೆ ಬಿದ್ದದ್ದೇ ಮೊತ್ತ, ರಸೀದಿಯ ಮಾತೇ ಇಲ್ಲ.

1925ರ ಸುಮಾರಿಗೆ ವಿದ್ಯುತ್ ಧ್ವನಿಮುದ್ರಣ ಬಂದಿತು. ಈಗ ಒಂದಕ್ಕಿಂತ ಹೆಚ್ಚು ಮೈಕ್ ಇಡಬಹುದು, ಒಂದೊಂದರ ಮಟ್ಟವನ್ನೂ ಗುಂಡಿ ತಿರುಗಿಸಿ ಏರಿಳಿಸಬಹುದು. ಹಾಡುಗಾರ ನಿಂತಲ್ಲೇ ನಿಂತ, ಓಡಾಟವೆಲ್ಲ ಗುಂಡಿಗೆ ಬಂತು. ಮಿಕ್ಸರ್ ಹುಟ್ಟಿದ್ದು ಇಲ್ಲಿ. 1931ರಲ್ಲಿ ಗ್ರಾಮಫೋನ್ ಕಂಪನಿ ಮತ್ತು ಕೊಲಂಬಿಯಾ ಸೇರಿ ಇಎಂಐ ಆಯಿತು. ಅದೇ ವರ್ಷದ ನವೆಂಬರಿನಲ್ಲಿ ಅಬ್ಬೆ ರೋಡ್ ಸ್ಟುಡಿಯೊ ತೆರೆಯಿತು. ಆದರೂ ಮೈಕ್ ಎಷ್ಟೇ ಇದ್ದರೂ ಕೊನೆಗೆ ಎಲ್ಲವೂ ಸೇರುತ್ತಿದ್ದದ್ದು ಒಂದೇ ಗೆರೆಗೆ. ಒಬ್ಬ ಪಿಟೀಲಿನವ ತಪ್ಪಿದರೆ ಇಡೀ ವಾದ್ಯವೃಂದ ಮೊದಲಿಂದ ನುಡಿಸಬೇಕು.

ನಮ್ಮ ಹಳೆಯ ಚಿತ್ರಗೀತೆಗಳೂ ಹೀಗೇ ಹುಟ್ಟಿದವು. ಕನ್ನಡದ ಹಾಡುಗಳ ಧ್ವನಿಮುದ್ರಣ ಬಹುಪಾಲು ಮದ್ರಾಸಿನಲ್ಲಿ ನಡೆಯುತ್ತಿದ್ದ ಕಾಲದಲ್ಲಿ ಗಾಯಕರೂ ವಾದ್ಯದವರೂ ಒಟ್ಟಿಗೆ ಕೂತು, ಒಂದೇ ಉಸಿರಿಗೆ ಹಾಡು ಮುಗಿಸಬೇಕಿತ್ತು. 1980ರ ದಶಕದಲ್ಲಿ ಶಂಕರ್ ನಾಗ್ ಬೆಂಗಳೂರಿನಲ್ಲಿ ಸಂಕೇತ್ ಸ್ಟುಡಿಯೊ ಕಟ್ಟಿದಾಗ ನಮ್ಮವರು ಸಂಭ್ರಮಪಟ್ಟದ್ದು ಮದ್ರಾಸಿನ ರೈಲು ಹತ್ತುವುದು ತಪ್ಪಿತು ಎಂಬುದಕ್ಕೆ ಮಾತ್ರ ಅಲ್ಲ ಎಂದು ನನಗೀಗ ಅನ್ನಿಸುತ್ತದೆ. ಮುದ್ರಿಸುವ ಯಂತ್ರ ಯಾರ ಬಳಿ ಇದೆಯೋ, ಏನು ಉಳಿಯಬೇಕು ಎಂಬ ತೀರ್ಮಾನವೂ ಅವರ ಬಳಿಯೇ ಇರುತ್ತದೆ.

ರಸೀದಿಗಳನ್ನು ಬೇರೆ ಬೇರೆ ಇಡುವ ದಾರಿ ತೆರೆದದ್ದು ಅಮೆರಿಕದಲ್ಲಿ. ಗಿಟಾರ್ ವಾದಕ ಲೆಸ್ ಪಾಲ್‌ಗೆ ಒಂದೇ ಟೇಪಿನ ಮೇಲೆ ಎಂಟು ಸಾಲುಗಳನ್ನು ಪ್ರತ್ಯೇಕವಾಗಿ ಬರೆಯುವ ಯಂತ್ರವನ್ನು ಆಂಪೆಕ್ಸ್ ಕಂಪನಿ 1957ರಲ್ಲಿ ಮಾಡಿಕೊಟ್ಟಿತು. ಅದರ ಬೆನ್ನಿಗೇ ನ್ಯೂಯಾರ್ಕಿನ ಅಟ್ಲಾಂಟಿಕ್ ರೆಕಾರ್ಡ್ಸ್‌ನ ಟಾಮ್ ಡೌಡ್ ಅಂಥದ್ದೇ ಇನ್ನೊಂದನ್ನು ತರಿಸಿದರು. ತಿರುಗಿಸುವ ದಪ್ಪ ಗುಂಡಿಗಳಾದರೆ ಒಂದು ಕೈಗೆ ಒಂದೇ. ಅವುಗಳ ಬದಲು ಮೇಲೆ ಕೆಳಗೆ ಜಾರುವ ಫೇಡರುಗಳನ್ನು ಸಾಲಾಗಿ ಹಾಕಿದರೆ ಹಾರ್ಮೋನಿಯಂ ಮನೆಗಳಂತೆ ಐದು ಬೆರಳಿಗೆ ಐದು ಸಿಗುತ್ತವೆ. ಈ ಬದಲಾವಣೆಯ ಶ್ರೇಯವೂ ಡೌಡ್ ಅವರಿಗೆ ಸಲ್ಲುತ್ತದೆ. ಇಂದು ಮಿಕ್ಸರ್ ಎಂದೊಡನೆ ಕಣ್ಣಿಗೆ ಬರುವ ಆ ಸಾಲು ಅಲ್ಲಿಂದ ಬಂದದ್ದು.

ಅಬ್ಬೆ ರೋಡ್‌ನಲ್ಲಿ ಇಎಂಐ ತನ್ನ ಮಿಕ್ಸರುಗಳನ್ನು ತಾನೇ ಕಟ್ಟಿಕೊಳ್ಳುತ್ತಿತ್ತು. ಅದಕ್ಕೆಂದೇ ಇದ್ದ ವಿಭಾಗದ ಹೆಸರಿನ ಮೊದಲಕ್ಷರಗಳಿಂದ ಅವುಗಳಿಗೆ ರೆಡ್ ಎಂಬ ಹೆಸರು. ವಾಲ್ವುಗಳಿಂದ ತುಂಬಿದ ರೆಡ್ 37, ರೆಡ್ 51 ಮಾದರಿಗಳ ಮೇಲೆ ಬೀಟಲ್ಸ್ ಹಾಡುಗಳು ರೂಪುಗೊಂಡವು. 1967ರ ಸಾರ್ಜೆಂಟ್ ಪೆಪ್ಪರ್ಸ್ ಆಲ್ಬಂ ನಾಲ್ಕು ಟ್ರ್ಯಾಕಿನ ಟೇಪಿನಲ್ಲಿ ತಯಾರಾಯಿತು. ನಾಲ್ಕೂ ತುಂಬಿದಾಗ ಅವನ್ನು ಬೆರೆಸಿ ಇನ್ನೊಂದು ಯಂತ್ರದ ಒಂದೆರಡು ಟ್ರ್ಯಾಕಿಗೆ ಇಳಿಸುವುದು, ಖಾಲಿಯಾದ ಜಾಗದಲ್ಲಿ ಹೊಸ ವಾದ್ಯ ಸೇರಿಸುವುದು. ಹಾಗೆ ಇಳಿಸಿದ ಪ್ರತಿ ಸಲವೂ ಆವರೆಗಿನ ಬೆರಕೆ ಖಾಯಂ ಆಗುತ್ತಿತ್ತು. ಡ್ರಮ್ಮು ಹೆಚ್ಚಾಯಿತು ಎಂದು ಆಮೇಲೆ ಅನ್ನಿಸಿದರೆ ಅದೊಂದನ್ನೇ ತಗ್ಗಿಸುವಂತಿಲ್ಲ. ಲೆಕ್ಕದ ಭಾಷೆಯಲ್ಲಿ ಹೇಳುವುದಾದರೆ, ಪುಟ ತುಂಬಿತೆಂದು ಮೊತ್ತವನ್ನು ಮುಂದಿನ ಪುಟಕ್ಕೆ ತೆಗೆದುಕೊಂಡು ಹಿಂದಿನ ಪುಟ ಹರಿದು ಹಾಕಿದಂತೆ. ಜಾರ್ಜ್ ಮಾರ್ಟಿನ್, ಜೆಫ್ ಎಮೆರಿಕ್ ಅವರಂಥ ನುರಿತವರು ಮುಂದೇನು ಬರಲಿದೆ ಎಂದು ಊಹಿಸಿ ಧೈರ್ಯದಿಂದ ಕೂಡುತ್ತಿದ್ದರು. 1969ರ ಅಬ್ಬೆ ರೋಡ್ ಆಲ್ಬಮ್ಮಿನ ಹೊತ್ತಿಗೆ ಟ್ರಾನ್ಸಿಸ್ಟರಿನ ಟಿಜಿ 12345 ಮಿಕ್ಸರ್ ಮತ್ತು ಎಂಟು ಟ್ರ್ಯಾಕಿನ ಟೇಪು ಬಂದಿದ್ದವು. ಹರಿಯಬೇಕಾದ ಪುಟಗಳು ಕಡಿಮೆಯಾದವು.

ಇದು ಸ್ಟುಡಿಯೊದ ಕತೆ. ವೇದಿಕೆಯ ಕತೆ ಬೇರೆಯೇ ದಾರಿ ಹಿಡಿದಿತ್ತು. 1965ರಲ್ಲಿ ನ್ಯೂಯಾರ್ಕಿನ ಶೇ ಸ್ಟೇಡಿಯಮ್ಮಿನಲ್ಲಿ 55 ಸಾವಿರಕ್ಕೂ ಹೆಚ್ಚು ಜನರ ಮುಂದೆ ಅದೇ ಬೀಟಲ್ಸ್ ಹಾಡಿದಾಗ ಅವರ ದನಿ ಹೋದದ್ದು ಬೇಸ್‌ಬಾಲ್ ಪಂದ್ಯದ ಘೋಷಣೆಗೆಂದು ಹಾಕಿದ್ದ ಸ್ಪೀಕರುಗಳಿಗೆ. ಕೂಗಾಟದಲ್ಲಿ ಏನೂ ಕೇಳಲಿಲ್ಲ. ಎರಡೇ ವರ್ಷದಲ್ಲಿ ಇಂಗ್ಲೆಂಡಿನ ವಿಂಡ್ಸರ್ ಉತ್ಸವಕ್ಕೆ ಚಾರ್ಲಿ ವಾಟ್ಕಿನ್ಸ್ ಸಾವಿರ ವಾಟ್ ಶಕ್ತಿಯ ವ್ಯವಸ್ಥೆ ತಂದರು. 1969ರಲ್ಲಿ ವುಡ್‌ಸ್ಟಾಕ್‌ನ ಹೊಲಗಳಲ್ಲಿ ಲಕ್ಷಾಂತರ ಜನರಿಗೆ ದನಿ ಮುಟ್ಟಿಸಿದವರು ಬಿಲ್ ಹ್ಯಾನ್ಲಿ.

ವುಡ್‌ಸ್ಟಾಕ್ ಬಗ್ಗೆ ಓದುವಾಗ ನಾನು ಹುಡುಕುತ್ತಿದ್ದ ಉತ್ತರ ಸಿಕ್ಕಿತು. ಜನರಿಗೆ ಕೇಳಿಸುವ ಬೆರಕೆ ಹ್ಯಾನ್ಲಿಯವರದು. ಧ್ವನಿಮುದ್ರಣಕ್ಕೆ ಬೇರೆಯೇ ತಂಡ. ಎಡ್ಡಿ ಕ್ರೇಮರ್ ಮತ್ತು ಸಂಗಡಿಗರು ವೇದಿಕೆಯ ಹಿಂದೆ ಕೂತು ಎಂಟು ಟ್ರ್ಯಾಕಿನ ಯಂತ್ರಗಳಲ್ಲಿ ಮುದ್ರಿಸುತ್ತಿದ್ದರು. ಅದೇ ಹಾಡು, ಎರಡು ಲೆಕ್ಕದ ಪುಸ್ತಕ. ಒಂದು ಈ ಕ್ಷಣದ ಕಿವಿಗೆ, ಇನ್ನೊಂದು ನಾಳೆಯ ಕಿವಿಗೆ. ಮೊದಲನೆಯದರಲ್ಲಿ ಯಾವ ದನಿ ತಾನಾಗಿ ಕೇಳುತ್ತದೋ ಅದನ್ನು ಬಿಟ್ಟು ಉಳಿದದ್ದನ್ನು ಹೆಚ್ಚಿಸಬೇಕು. ಎರಡನೆಯದರಲ್ಲಿ ಎಲ್ಲವೂ ಪೂರ್ತಿಯಾಗಿ ಇರಬೇಕು. ನಮ್ಮ ಸಂಘ ಮಾಡಿದ ತಪ್ಪು ಸ್ಪಷ್ಟವಾಯಿತು. ಕಿವಿಗೆಂದು ಬರೆದ ಪುಸ್ತಕವನ್ನೇ ಕಪಾಟಿನಲ್ಲಿಟ್ಟಿದ್ದೆವು.

ಆದರೆ ಎರಡು ತಂಡ, ಎರಡು ಮಿಕ್ಸರ್, ಒಂದು ಟ್ರೇಲರ್ ಇಡುವ ಶಕ್ತಿ ಊಟದ ಟಿಕೆಟಿನಲ್ಲಿ ನಡೆಯುವ ಸಂಘಕ್ಕೆ ಎಲ್ಲಿಂದ ಬರಬೇಕು? ಎರಡೂ ಪುಸ್ತಕಗಳು ಒಂದೇ ಪೆಟ್ಟಿಗೆಗೆ, ಅದೂ ಸಾಮಾನ್ಯರ ಕೈಗೆ ಇಳಿದು ಬಂದದ್ದು ಮುಂದಿನ ಎರಡು ದಶಕಗಳಲ್ಲಿ. ಬ್ರಿಟನ್ನಿನಲ್ಲಿ ಆಲನ್ ಅಂಡ್ ಹೀತ್ 1969ರಲ್ಲಿ ಶುರುವಾಯಿತು. ಲೆಡ್ ಜೆಪ್ಲಿನ್ ತಂಡಕ್ಕೆ ಸೌಂಡ್ ಮಾಡುತ್ತಿದ್ದ ಫಿಲ್ ಡಡ್ಡರಿಜ್ ಮತ್ತು ವಿನ್ಯಾಸಕಾರ ಗ್ರಹಾಂ ಬ್ಲೈತ್ 1973ರಲ್ಲಿ ಸೌಂಡ್‌ಕ್ರಾಫ್ಟ್ ಕಟ್ಟಿದರು. ಅವರ ಮೊದಲ ಮಿಕ್ಸರನ್ನು ಪ್ರಯಾಣದ ಪೆಟ್ಟಿಗೆಯೊಳಗೇ ಜೋಡಿಸಲಾಗಿತ್ತು, ಮುಚ್ಚಳ ಹಾಕಿ ವ್ಯಾನಿಗೆ ಏರಿಸಬಹುದು. 1979ರಲ್ಲಿ ಜಪಾನಿನ ಟ್ಯಾಸ್ಕಾಂ ಮಾಮೂಲಿ ಕ್ಯಾಸೆಟ್ಟಿನಲ್ಲೇ ನಾಲ್ಕು ಟ್ರ್ಯಾಕ್ ಬರೆಯುವ ಪೋರ್ಟಾಸ್ಟುಡಿಯೊ ತಂದಿತು. 1990ರ ದಶಕದ ಆರಂಭದಲ್ಲಿ ಅಲೆಸಿಸ್ ಕಂಪನಿಯ ಎಡ್ಯಾಟ್ ಯಂತ್ರ ಎಸ್‌ವಿಎಚ್‌ಎಸ್ ವಿಡಿಯೊ ಕ್ಯಾಸೆಟ್ಟಿನಲ್ಲಿ ಎಂಟು ಡಿಜಿಟಲ್ ಟ್ರ್ಯಾಕ್ ಬರೆಯಿತು. ಜೊತೆಗೆ ಗ್ರೆಗ್ ಮ್ಯಾಕಿಯವರ ಅಗ್ಗದ, ಗಟ್ಟಿಮುಟ್ಟಾದ ಮಿಕ್ಸರುಗಳು ಬಂದು ಮನೆಯ ಕೋಣೆಯೇ ಸ್ಟುಡಿಯೊ ಆಯಿತು.

ಇಷ್ಟು ತಿಳಿದ ಮೇಲೆ ಅಂಗಡಿಯ ಪಟ್ಟಿ ಓದುವುದು ಸುಲಭವಾಯಿತು. ಮೈಕಿನಿಂದ ಬಂದ ದನಿ ಮೊದಲು ಗೇನ್ ಗುಂಡಿಯಲ್ಲಿ ಬಲ ಪಡೆಯುತ್ತದೆ. ಆಮೇಲೆ ಮಂದ್ರ, ಮಧ್ಯ, ತಾರಗಳನ್ನು ತಿದ್ದುವ ಗುಂಡಿಗಳು. ನಂತರ ಫೇಡರ್. ಫೇಡರ್ ದಾಟಿದ ಮೇಲೆ ಮೊತ್ತದಲ್ಲಿ ಸೇರುತ್ತದೆ. ಹಾಗಾದರೆ ರಸೀದಿಯನ್ನು ಎಲ್ಲಿ ಹರಿದುಕೊಳ್ಳಬೇಕು? ಫೇಡರಿಗಿಂತ ಮೊದಲು. ಕೆಲವು ಮಿಕ್ಸರುಗಳ ಹಿಂಭಾಗದಲ್ಲಿ ಪ್ರತಿ ಚಾನೆಲ್ಲಿಗೂ ಡೈರೆಕ್ಟ್ ಔಟ್ ಎಂಬ ತೂತು ಇರುತ್ತದೆ. ಆದರೆ ಹೆಸರು ನೋಡಿ ಕೊಂಡರೆ ಮೋಸ ಹೋಗುತ್ತೇವೆ. ಎಷ್ಟೋ ಮಾದರಿಗಳಲ್ಲಿ ಅದು ಫೇಡರಿನ ನಂತರದ್ದು. ಹಾಲ್‌ಗೆಂದು ಫೇಡರ್ ಇಳಿಸಿದರೆ ಮುದ್ರಣದಲ್ಲೂ ಇಳಿಯುತ್ತದೆ. ಫೇಡರಿಗೆ ಮುಂಚಿನದು, ಇಲ್ಲವೇ ಹಾಗೆ ಬದಲಾಯಿಸಿಕೊಳ್ಳುವ ಅವಕಾಶ ಇರುವುದು ನಮಗೆ ಬೇಕಾದದ್ದು. ಕೈಪಿಡಿಯ ಕೊನೆಯಲ್ಲಿರುವ ರೇಖಾಚಿತ್ರದಲ್ಲಿ ಬೆರಳಿಟ್ಟು ಹಿಂಬಾಲಿಸಿದರೆ ಇದು ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ.

ಡೈರೆಕ್ಟ್ ಔಟ್ ಇಲ್ಲದಿದ್ದರೆ ಇನ್ಸರ್ಟ್ ಎಂಬ ತೂತು ಇದ್ದೀತು. ಅದು ಸಾಮಾನ್ಯವಾಗಿ ಫೇಡರಿಗೆ ಮೊದಲೇ ಇರುತ್ತದೆ. ಹಲವು ಮಿಕ್ಸರುಗಳಲ್ಲಿ ಅದಕ್ಕೆ ಜ್ಯಾಕನ್ನು ಪೂರ್ತಿ ತಳ್ಳದೆ ಮೊದಲ ಕ್ಲಿಕ್ಕಿಗೆ ನಿಲ್ಲಿಸಿದರೆ ಹಾಲ್‌ನ ದನಿ ಕಡಿಯದೆ ಒಂದು ಪ್ರತಿ ಹೊರಗೆ ಸಿಗುತ್ತದೆ. ಹಳಬರ ಉಪಾಯ. ಯಾರಾದರೂ ತಂತಿ ಎಡವಿದರೆ ಮಾತ್ರ ಕತೆ ಮುಗಿಯಿತು. ಇನ್ನು 16:4:2 ಎಂದು ಬರೆದಿದ್ದರೆ ಹದಿನಾರು ಒಳಬರುವ ದಾರಿ, ನಾಲ್ಕು ಗುಂಪು, ಎರಡು ಮುಖ್ಯ ಹೊರದಾರಿ ಎಂದರ್ಥ. ಗುಂಪುಗಳಿಂದಲೂ ಮುದ್ರಿಸಬಹುದು, ಆದರೆ ಅವು ಉಪಮೊತ್ತಗಳು. ಫೇಡರ್ ದಾಟಿ ಬಂದವು.

ಸಮಿತಿಯ ಸಭೆಯಲ್ಲಿ ಇದನ್ನೆಲ್ಲ ವಿವರಿಸಿದಾಗ ಒಬ್ಬರು, "ಒಂದು ಮಿಕ್ಸರಿಗೆ ಇಷ್ಟೊಂದೇ? ಮನೆಗೆ ಮಿಕ್ಸಿ ತರುವಾಗ ನಾವು ಇಷ್ಟು ಯೋಚಿಸಲ್ಲಪ್ಪ" ಎಂದು ನಗಿಸಿದರು. ರುಬ್ಬಿದ ಮೇಲೆ ಉದ್ದು ಬೇರೆ ಅಕ್ಕಿ ಬೇರೆ ಮಾಡಲಿಕ್ಕಾಗುವುದಿಲ್ಲವಲ್ಲ, ಅದಕ್ಕೇ ಇಷ್ಟು ಯೋಚನೆ ಎಂದೆ. ಹಿರಿಯರ ಮಗಳ ಫೋನಿನ ವಿಷಯ ಹೇಳಿದ ಮೇಲೆ ಯಾರೂ ತಕರಾರು ಮಾಡಲಿಲ್ಲ.

ಕೊನೆಗೆ ಕೊಂಡದ್ದು ಹದಿನಾರು ಚಾನೆಲ್ಲಿನ ಸೆಕೆಂಡ್‌ಹ್ಯಾಂಡ್ ಅನಲಾಗ್ ಮಿಕ್ಸರ್. ಪ್ರತಿ ಚಾನೆಲ್ಲಿಗೂ ಫೇಡರಿಗೆ ಮುಂಚಿನ ಡೈರೆಕ್ಟ್ ಔಟ್ ಇತ್ತು. ಮುದ್ರಿಸಲಿಕ್ಕೆ ಹಾರ್ಡ್ ಡಿಸ್ಕಿನ ಮೇಲೆ 24 ಟ್ರ್ಯಾಕ್ ಬರೆಯುವ ಅಲೆಸಿಸ್ ಎಚ್‌ಡಿ24 ಸದಸ್ಯರೊಬ್ಬರ ಬಳಿ ಇತ್ತು. ಡಿಜಿಟಲ್ ಮಿಕ್ಸರ್ ಯಾಕಲ್ಲ ಎಂದು ಯುವಕರು ಕೇಳಿದರು. ಬೆಲೆ ಒಂದು ಕಾರಣ. ಇನ್ನೊಂದು, ನಮ್ಮಲ್ಲಿ ಪ್ರತಿ ಕಾರ್ಯಕ್ರಮಕ್ಕೂ ಸೌಂಡ್ ನೋಡಿಕೊಳ್ಳುವವರು ಬದಲಾಗುತ್ತಾರೆ. ಅನಲಾಗ್‌ನಲ್ಲಿ ಒಂದು ಗುಂಡಿಗೆ ಒಂದೇ ಕೆಲಸ, ಎಲ್ಲವೂ ಕಣ್ಣೆದುರಿಗೇ ಇರುತ್ತದೆ. ಮೆನುವಿನೊಳಗೆ ಇಳಿದು ಹುಡುಕಬೇಕಿಲ್ಲ.

ಇಂದು ಕೊಳ್ಳುವವರಿಗೆ ದಾರಿ ಇನ್ನೂ ಸುಲಭ. ಸೌಂಡ್‌ಕ್ರಾಫ್ಟ್ ಸಿಗ್ನೇಚರ್ ಎಂಟಿಕೆ ಮಾದರಿಗಳು ಒಂದೇ ಯುಎಸ್‌ಬಿ ತಂತಿಯಲ್ಲಿ ಚಾನೆಲ್ಲುಗಳನ್ನು ಬೇರೆ ಬೇರೆಯಾಗಿ ಕಂಪ್ಯೂಟರಿಗೆ ಕಳಿಸುತ್ತವೆ. 2018ರಲ್ಲಿ ಬಂದ ಟ್ಯಾಸ್ಕಾಂ ಮಾಡೆಲ್ 24 ಕಂಪ್ಯೂಟರೂ ಇಲ್ಲದೆ ಎಸ್‌ಡಿ ಕಾರ್ಡಿಗೆ ಬರೆಯುತ್ತದೆ. ಡಿಜಿಟಲ್ ಮಿಕ್ಸರುಗಳೂ ಸಂಘಗಳ ಕೈಗೆಟಕುವಂತಾಗಿವೆ. ಹಳೆಯ ಮೋಸ ಮಾತ್ರ ಹೊಸ ರೂಪದಲ್ಲಿದೆ. ಪೆಟ್ಟಿಗೆಯ ಮೇಲೆ ಯುಎಸ್‌ಬಿ ಎಂದು ದಪ್ಪಕ್ಷರದಲ್ಲಿ ಬರೆದ ಎಷ್ಟೋ ಅನಲಾಗ್ ಮಿಕ್ಸರುಗಳು ಕಳಿಸುವುದು ಎರಡೇ ಟ್ರ್ಯಾಕ್, ಅಂದರೆ ಅದೇ ಮೊತ್ತ. ಎಷ್ಟು ಚಾನೆಲ್ ಇವೆ ಎಂದಲ್ಲ, ಎಷ್ಟು ಚಾನೆಲ್ ಬೇರೆ ಬೇರೆಯಾಗಿ ಹೊರಬರುತ್ತವೆ, ಎಲ್ಲಿಂದ ಹೊರಬರುತ್ತವೆ ಎಂದು ಕೇಳಬೇಕು.

ಬಳಸುತ್ತ ಕಲಿತದ್ದು ಎರಡು ಪಾಠ. ಒಂದು, ಫೇಡರ್ ಎಷ್ಟು ಆಡಿಸಿದರೂ ಮುದ್ರಣಕ್ಕೆ ತಾಗುವುದಿಲ್ಲ, ಆದರೆ ಗೇನ್ ಮುಟ್ಟಿದರೆ ತಾಗುತ್ತದೆ. ಆದ್ದರಿಂದ ರಿಹರ್ಸಲ್ಲಿನಲ್ಲಿ ಗೇನನ್ನು ತುಸು ಕಡಿಮೆಯಲ್ಲೇ ಹೊಂದಿಸಿ, ಕಾರ್ಯಕ್ರಮ ಮುಗಿಯುವವರೆಗೆ ಕೈ ಹಾಕಬಾರದು. ಎರಡು, ಹಾಲ್‌ಗೆ ಬೇಡದ ವಾದ್ಯಕ್ಕೂ ಮೈಕ್ ಇಡಬೇಕು. ಯಕ್ಷಗಾನದ ಚೆಂಡೆಗೆ ನಮ್ಮ ಹಾಲ್‌ನಲ್ಲಿ ಸ್ಪೀಕರ್ ಯಾಕೆ? ಆದರೂ ಅದಕ್ಕೊಂದು ಮೈಕ್ ಇಟ್ಟು, ಫೇಡರನ್ನು ತಳದಲ್ಲೇ ಬಿಟ್ಟು, ಮುದ್ರಿಸಿಕೊಳ್ಳುತ್ತೇವೆ.

ಇಷ್ಟೆಲ್ಲ ತಿಳಿದ ಮೇಲೆ ಒಂದು ಸಂಗತಿ ನನ್ನನ್ನು ಹೆಚ್ಚು ಕಾಡಿತು. ಅಂದು ಆ ಹಿರಿಯರು ಹಾಡಿದ್ದು ಮೈಕಿನ ಮುಂದೆಯೇ. ಅವರ ದನಿ ತಂತಿಯಲ್ಲಿ ಹರಿದು ನಮ್ಮ ಮಿಕ್ಸರಿನವರೆಗೆ ಪೂರ್ತಿಯಾಗಿ ಬಂದಿತ್ತು. ಗೇನ್ ಗುಂಡಿಯನ್ನೂ ದಾಟಿತ್ತು. ನಿಂತದ್ದು ಫೇಡರಿನ ಹತ್ತಿರ, ನನ್ನ ಹಣದ ಡಬ್ಬಿಯಿಂದ ಒಂದು ಮೊಳ ದೂರದಲ್ಲಿ. ಅಲ್ಲಿಂದ ಒಂದು ತಂತಿ ಎಳೆದಿದ್ದರೆ ಸಾಕಿತ್ತು.

ಹೊಸ ಮಿಕ್ಸರಿನ ಮೊದಲ ಕಾರ್ಯಕ್ರಮ 2008ರ ದೀಪಾವಳಿಯದು. ಹದಿನಾಲ್ಕು ಟ್ರ್ಯಾಕ್ ಮುದ್ರಿಸಿದೆವು. ಉತ್ತರ ಕರ್ನಾಟಕದ ಅಜ್ಜಿಯೊಬ್ಬರು ಬೀಸುವ ಪದ ಹಾಡಿದರು. ಅವರದೂ ಗಟ್ಟಿ ದನಿಯೇ. ಸ್ವಯಂಸೇವಕ ಎಂದಿನಂತೆ ಫೇಡರ್ ಇಳಿಸಿದ, ನಾನು ಸುಮ್ಮನೆ ನೋಡುತ್ತ ಕೂತೆ. ರಾತ್ರಿ ಪಾತ್ರೆ ತೊಳೆದು, ಹಾಲ್‌ನ ಬೀಗ ಕೊಟ್ಟು ಬಂದ ಮೇಲೆ ಹೆಡ್‌ಫೋನ್ ಹಾಕಿಕೊಂಡು ಮೂರನೆಯ ಟ್ರ್ಯಾಕ್ ಒಂದನ್ನೇ ಕೇಳಿದೆ. ಪದ ಶುರುವಾಗುವ ಮೊದಲು ಅಜ್ಜಿ ಗಂಟಲು ಸರಿಮಾಡಿಕೊಂಡದ್ದು, ಪಕ್ಕದವರಿಗೆ "ಹೂಂ, ಹಾಡ್ಲೇನು?" ಎಂದದ್ದು ಕೂಡ ಅದರಲ್ಲಿತ್ತು.